ಅವಳು ದುಡಿದ ಹಣ ಯಾರಿಗೆ ಸೇರಬೇಕು?

1955ರಲ್ಲಿ ಒಬ್ಬ ಹೆಣ್ಣುಮಗಳ ಮದುವೆಯಾಯಿತು. ಮೂರು ತಿಂಗಳೊಳಗೆ ಗಂಡ ಹಾವು ಕಚ್ಚಿ ತೀರಿಕೊಂಡ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿನವರು ಕರೆದುಕೊಂಡು ಬಂದು ಓದಿಸಿದರು. ಕೆಲಸ ಸಿಕ್ಕಿತು, ದುಡಿದಳು, ಕೂಡಿಟ್ಟಳು. 1996ರಲ್ಲಿ ವಿಲ್ ಬರೆಯದೆ ತೀರಿಕೊಂಡಳು. ಬ್ಯಾಂಕಿನಲ್ಲಿದ್ದ ಹಣ, ಪಿಎಫ್ ಹಣ ತನಗೆ ಬರಬೇಕೆಂದು ಅವಳ ತಾಯಿ ಕೇಳಿದರು. ಗಂಡನ ಸೋದರಿಯ ಮಕ್ಕಳೂ ಕೇಳಿದರು. ಸುಪ್ರೀಂ ಕೋರ್ಟಿನವರೆಗೂ ಹೋದ ಈ ಕೇಸಿನಲ್ಲಿ 2009ರಲ್ಲಿ ಗೆದ್ದವರು ಗಂಡನ ಕಡೆಯವರು. ಕನಿಕರ ನೋಡಿ ತೀರ್ಪು ಕೊಡಲು ಆಗುವುದಿಲ್ಲ, ಕಾನೂನು ಹೇಳಿದಂತೆ ಹೋಗಬೇಕು ಎಂದಿತು ಕೋರ್ಟು.

ಆ ಕಾನೂನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್. ಇವತ್ತೂ ಇದೆ. ಮಕ್ಕಳಿಲ್ಲದ ವಿಧವೆ ವಿಲ್ ಬರೆಯದೆ ಸತ್ತರೆ, ಅವಳು ಸ್ವಂತವಾಗಿ ದುಡಿದ ಆಸ್ತಿ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅವರು ಯಾರೂ ಇಲ್ಲದಿದ್ದರೆ ಮಾತ್ರ ಹೆತ್ತವರ ಸರದಿ. ಗಂಡಸು ಸತ್ತರೆ? ಅವನ ತಾಯಿಗೆ ಹೆಂಡತಿ ಮಕ್ಕಳ ಜೊತೆಗೇ ಸಮಪಾಲು.

ಧರ್ಮದ ನೀತಿ ಕಾನೂನಿಗೆ ತಳಪಾಯ ಆಗಬೇಕಾ ಎಂಬ ಮಾತು ಬಂದಾಗಲೆಲ್ಲ ನಮ್ಮವರು ಪಕ್ಕದ ಮನೆಯ ಧರ್ಮದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಸಮಸ್ಯೆ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮುಸ್ಲಿಂ ಮಗಳಿಗೆ ಮಗನ ಅರ್ಧ ಪಾಲು. ಕೇರಳದ ತಿರುವಾಂಕೂರು ಭಾಗದ ಕ್ರೈಸ್ತ ಹೆಣ್ಣುಮಕ್ಕಳು ಅಪ್ಪನ ಆಸ್ತಿಯಲ್ಲಿ ಸಮಪಾಲು ಪಡೆಯಲು 1986ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಆದರೆ ನಮ್ಮ ಮನೆಯ ಪಾಲುಪಟ್ಟಿಯಲ್ಲೂ ಧರ್ಮಶಾಸ್ತ್ರ ಕೂತಿದೆ ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೆ?

15ನೇ ಸೆಕ್ಷನ್ನಿನ ಬೇರು ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಬ್ರಾಹ್ಮ ಮೊದಲಾದ ನಾಲ್ಕು ಬಗೆಯ ಮದುವೆಯಾದ ಹೆಣ್ಣು ಮಕ್ಕಳಿಲ್ಲದೆ ಸತ್ತರೆ ಅವಳ ಧನ ಗಂಡನಿಗೆ, ಉಳಿದ ಬಗೆಯ ಮದುವೆಯಾದರೆ ಹೆತ್ತವರಿಗೆ ಎನ್ನುತ್ತದೆ ಅದು. ಅಂದರೆ ಧಾರೆ ಎರೆದು ಕೊಟ್ಟ ಮೇಲೆ ಗೋತ್ರ ಬದಲಾಯಿತು, ಹೆಣ್ಣಿನ ಜೊತೆ ಅವಳ ಗಳಿಕೆಯೂ ಆ ಕಡೆ ಹೋಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮಲ್ಲಿ ಹೇಳುವುದೂ ಇದನ್ನೇ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತು, ಇಡೀ ದೇಶಕ್ಕೆ ಅದು ಬರುವ 11 ವರ್ಷ ಮೊದಲೇ. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅಲ್ಲೂ ಒಂದು ಷರತ್ತು ಹಾಕಿದ್ದರು. ಆ ತಿದ್ದುಪಡಿ ಬರುವ ಮೊದಲೇ ಮದುವೆಯಾದವಳಿಗೆ ಹಕ್ಕಿರಲಿಲ್ಲ. ಮತ್ತೆ ಅದೇ ಯೋಚನೆ, ಅಲ್ವಾ?

ಇನ್ನು "ನಮ್ಮ ಧರ್ಮ ಹೀಗೆ ಹೇಳುತ್ತದೆ" ಎಂಬ ಮಾತು. ಯಾರ ಧರ್ಮ? ಘಟ್ಟ ಇಳಿದು ತುಳುನಾಡಿಗೆ ಹೋಗಿ. ಅಳಿಯಸಂತಾನದ ಕುಟುಂಬಗಳಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಅವರೂ ಹಿಂದೂಗಳೇ. ಅವರಿಗಾಗಿ ಇದೇ 1956ರ ಕಾಯ್ದೆಯಲ್ಲಿ 17ನೇ ಸೆಕ್ಷನ್ ಇದೆ. ಅದರ ಪ್ರಕಾರ ಹೆಣ್ಣಿನ ಆಸ್ತಿಯಲ್ಲಿ ಮಕ್ಕಳ ಜೊತೆಗೇ ತಾಯಿಗೂ ಪಾಲು. ಗಂಡನ ವಾರಸುದಾರರು ಎಲ್ಲರಿಗಿಂತ ಕೊನೆಗೆ. ಆ ತಾಯಿ ಅಳಿಯಸಂತಾನದ ಮನೆಯವಳಾಗಿದ್ದರೆ ಮಗಳ ಹಣ ಅವಳ ಕೈಗೆ ಬರುತ್ತಿತ್ತು. ಒಂದೇ ಧರ್ಮ, ಒಂದೇ ಕಾಯ್ದೆ, ಎರಡು ನ್ಯಾಯ. ಇದರಲ್ಲಿ ಯಾವುದು ದೇವರು ಹೇಳಿದ್ದು?

ನಾನು ದೇವರನ್ನು ನಂಬುವವಳು. ಶ್ರಾವಣದಲ್ಲಿ ವ್ರತ ಮಾಡುತ್ತೇನೆ, ಮಠಕ್ಕೆ ಹೋಗುತ್ತೇನೆ. ಒಳ್ಳೆಯದು ಕೆಟ್ಟದ್ದು ನಾನು ಕಲಿತದ್ದು ಅಲ್ಲೇ. ಹಾಗಾಗಿ "ಧರ್ಮ ಬಿಟ್ಟರೆ ಕಾನೂನಿಗೆ ನೀತಿ ಎಲ್ಲಿಂದ ಬರುತ್ತದೆ" ಎಂದು ಕೇಳುವವರ ಆತಂಕ ನನಗೆ ಅರ್ಥವಾಗುತ್ತದೆ. ಕಳ್ಳತನ ತಪ್ಪು ಎಂದು ಧರ್ಮವೂ ಹೇಳುತ್ತದೆ, ಕಾನೂನೂ ಹೇಳುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಕಳ್ಳತನ ಯಾಕೆ ತಪ್ಪು ಎಂಬುದನ್ನು ಬೇರೆ ಧರ್ಮದವರಿಗೂ, ದೇವರನ್ನೇ ನಂಬದವರಿಗೂ ಕೂರಿಸಿ ವಿವರಿಸಬಹುದು. ಆ ತಾಯಿಗೆ ಏನೆಂದು ವಿವರಿಸುತ್ತೀರಿ? ಮಗಳನ್ನು ಹೊರಗೆ ಹಾಕಿದ ಮನೆಗೇ ಅವಳ ದುಡಿಮೆ ಹೋಗಬೇಕು ಎನ್ನಲು ಗೋತ್ರ ಬಿಟ್ಟರೆ ಇನ್ನೇನು ಕಾರಣವಿದೆ? ನೊಂದವರು ಯಾಕೆ ಎಂದು ಕೇಳಿದಾಗ ಕಾನೂನು ಉತ್ತರ ಕೊಡಬೇಕು. ಶಾಸ್ತ್ರದಲ್ಲಿದೆ ಎನ್ನುವುದು ಉತ್ತರವಲ್ಲ.

ಇದು ಹೊಸಗಾಲದ ಮಾತು ಎಂದು ತಳ್ಳಿಹಾಕುವವರು ಮಿತಾಕ್ಷರ ನೋಡಬೇಕು. ಯಾಜ್ಞವಲ್ಕ್ಯ ಸ್ಮೃತಿಗೆ ಆ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಹಿರಿಯ ಮಗನಿಗೆ ಹೆಚ್ಚು ಪಾಲು ಕೊಡಬಹುದು ಎಂದು ಶಾಸ್ತ್ರದಲ್ಲಿ ಇದೆ, ನಿಜ, ಆದರೆ ಜನ ಅದನ್ನು ಒಪ್ಪುವುದಿಲ್ಲ, ಆದ್ದರಿಂದ ಆಚರಿಸಬಾರದು ಎಂದು ಅವನೇ ಬರೆದ. ಶಾಸ್ತ್ರ ಓದಿ ಅರೆದು ಕುಡಿದವನು ಸುಮಾರು 900 ವರ್ಷಗಳ ಹಿಂದೆ ತೋರಿಸಿದ ಧೈರ್ಯವನ್ನು ನಮ್ಮ ಸಂಸತ್ತು ಇನ್ನೂ ಈ ಸೆಕ್ಷನ್ ವಿಷಯದಲ್ಲಿ ತೋರಿಸಿಲ್ಲ. ಗಂಡನ ಕಡೆಯವರಿಗೂ ತವರಿನವರಿಗೂ ಸಮನಾಗಿ ಹೋಗಲಿ ಎಂದು ಕಾನೂನು ಆಯೋಗ 2008ರಲ್ಲೇ ವರದಿ ಕೊಟ್ಟಿತ್ತು. ನನ್ನನ್ನು ಕೇಳಿದರೆ ಅದೂ ಕಡಿಮೆಯೇ. ಗಂಡಸಿನ ತಾಯಿಗೆ ಇರುವ ಜಾಗ ಹೆಂಗಸಿನ ತಾಯಿಗೂ ಬೇಕು.

ಈ ಬರಹ ಓದುತ್ತಿರುವ ದುಡಿಯುವ ಹೆಣ್ಣುಮಕ್ಕಳೇ, ಕಾನೂನು ಬದಲಾಗುವ ತನಕ ಸುಮ್ನೆ ಕೂರಬೇಡಿ. ಒಂದು ವಿಲ್ ಬರೆದಿಡಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳ ಎದುರು ನೀವು ಸಹಿ ಮಾಡಬೇಕು, ಅವರೂ ನಿಮ್ಮ ಎದುರು ಸಹಿ ಮಾಡಬೇಕು. ವಿಲ್‌ನಲ್ಲಿ ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಬ್ಯಾಂಕಿನಲ್ಲಿ ಅಮ್ಮನ ಹೆಸರನ್ನು ನಾಮಿನಿ ಎಂದು ಕೊಟ್ಟಿದ್ದೇನೆ, ಅಷ್ಟು ಸಾಕು ಎಂದುಕೊಳ್ಳಬೇಡಿ. ನಾಮಿನಿ ಆದ ಮಾತ್ರಕ್ಕೆ ಆ ಹಣ ಅವರದಾಗುವುದಿಲ್ಲ.