ಉಪ್ಪಿನಕಾಯಿಗೆ ಬಂದ ನೋಟಿಸ್

ನಮ್ಮ ಶಾರದತ್ತಿಗೆ ಸಾಗರದ ಹತ್ತಿರದ ಹಳ್ಳಿಯಲ್ಲಿ ಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ದೊಡ್ಡ ವ್ಯಾಪಾರವೇನಲ್ಲ. ಹೊಳೆಸಾಲಿನ ಅಪ್ಪೆಮಿಡಿ, ಉಪ್ಪು, ಮೆಣಸು, ಸಾಸಿವೆ, ತೊಟ್ಟು ಮುರಿದು ತಂದವನಿಗೆ ನಾಲ್ಕು ಬೈಗುಳ. ಬಾಟಲಿಯ ಮೇಲೆ 'ಶಾರದಾ ಮಿಡಿ' ಅಂತ ಒಂದು ಚೀಟಿ. ಅದೂ ಅಣ್ಣನ ಒತ್ತಾಯಕ್ಕೆ.

ಹೋದ ತಿಂಗಳು ಸ್ಪೀಡ್ ಪೋಸ್ಟಿನಲ್ಲಿ ನಾಲ್ಕು ಪುಟದ ನೋಟಿಸ್ ಬಂತು. ಎಲ್ಲೋ ದೂರದ ಊರಿನ ಕಂಪನಿಯದು. ಶಾರದಾ ಎಂಬ ಹೆಸರು ತಮ್ಮ ಸ್ವತ್ತು. ಹದಿನೈದು ದಿನದಲ್ಲಿ ಅದನ್ನು ಬಳಸುವುದು ನಿಲ್ಲಿಸಬೇಕು. ಚೀಟಿಗಳನ್ನೆಲ್ಲ ನಾಶ ಮಾಡಬೇಕು. ಇಲ್ಲಿಯವರೆಗಿನ ಲಾಭದ ಪೂರ್ತಿ ಲೆಕ್ಕ ಒಪ್ಪಿಸಬೇಕು.

"ಎಂತದ ತಮ್ಮಾ ಇದು?" ಅಂದರು ಅತ್ತಿಗೆ. ನಾನು ಓದಿ ಹೇಳಿದೆ. ಲಾಭದ ಲೆಕ್ಕ ಎಂದಾಗ ಅವರ ಮುಖ ಅರಳಿತು. "ಅವರೇ ಬಂದು ಲೆಕ್ಕ ಹಾಕಿಕೊಟ್ಟರೆ ದೊಡ್ಡ ಉಪಕಾರ ಮಾರಾಯಾ. ನಿನ್ನ ಅಣ್ಣನ ಹತ್ತಿರ ಹದಿನೈದು ವರ್ಷದಿಂದ ಕೇಳ್ತಾ ಇದ್ದೇನೆ."

ನೋಟಿಸಿನ ಪ್ರತಿ ಯಾರ್ಯಾರಿಗೆ ಹೋಗಿದೆ ಎಂದು ಕೊನೆಯ ಪುಟದಲ್ಲಿ ನೋಡಿದೆ. ಶೃಂಗೇರಿಯ ವಿಳಾಸ ಕಾಣಲಿಲ್ಲ. ಅಲ್ಲಿ ಪೀಠದ ಮೇಲೆ ಕೂತಿರುವ ಶಾರದೆ ಈ ಕಂಪನಿಗಿಂತ ಸ್ವಲ್ಪ ಹಳಬಳು ಎಂದು ನನ್ನ ಅಂದಾಜು. ಆದರೆ ಟ್ರೇಡ್‌ಮಾರ್ಕ್ ಅಂದರೆ ಹತ್ತು ವರ್ಷಕ್ಕೊಮ್ಮೆ ಫೀಸು ಕಟ್ಟಿ ನವೀಕರಿಸಬೇಕು. ತಾಯಿ ಒಮ್ಮೆಯೂ ಕಟ್ಟಿದಂತಿಲ್ಲ. ಅರ್ಜಿ ಹಾಕಲು ಒಬ್ಬ ವ್ಯಕ್ತಿಗೆ ಆನ್‌ಲೈನಿನಲ್ಲಿ 4,500 ರೂಪಾಯಿ, ದೊಡ್ಡ ಕಂಪನಿಯಾದರೆ 9,000. ಇದು ಒಂದು ವರ್ಗಕ್ಕೆ ಮಾತ್ರ. ಲೋಕದ ಸಾಮಾನು, ಸೇವೆಗಳನ್ನೆಲ್ಲ 45 ವರ್ಗ ಮಾಡಿಟ್ಟಿದ್ದಾರೆ. ಹಾಲು 29ರಲ್ಲಿ, ಕಾಫಿ 30ರಲ್ಲಿ, ಹೋಟೆಲ್ 43ರಲ್ಲಿ. ವಿದ್ಯೆ ಕೊಡುವವಳು ಯಾವ ವರ್ಗವೋ, ವಕೀಲರನ್ನೇ ಕೇಳಬೇಕು.

ಇಂಥ ಜಗಳದಲ್ಲಿ ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. ಹಾಲಿನ ನಂದಿನಿ 1985ರಿಂದ ಇದೆ. 1989ರಲ್ಲಿ ಬೆಂಗಳೂರಿನಲ್ಲಿ ನಂದಿನಿ ಡಿಲಕ್ಸ್ ಎಂಬ ಹೋಟೆಲ್ ಶುರುವಾಯಿತು. ಇಂಗ್ಲಿಷಿನಲ್ಲಿ ಒಂದು 'ಎಚ್' ಜಾಸ್ತಿ. ಹೋಟೆಲಿನವರು ಹೆಸರನ್ನು ನೋಂದಾಯಿಸಲು ಹೋದಾಗ ನಂದಿನಿ ಹಾಲು ಮಾರುವ ಕೆಎಂಎಫ್ ಅಡ್ಡ ಬಂತು. ಕೇಸು ಒಂದೊಂದೇ ಮೆಟ್ಟಿಲು ಹತ್ತಿ ಸುಪ್ರೀಂ ಕೋರ್ಟಿಗೆ ಹೋಯಿತು. ಒಂದು ಮಹಾಪ್ರಾಣದ ಸುತ್ತ ಎಷ್ಟು ವಕೀಲರ ಪ್ರಾಣ ಹೋಯಿತೋ! ನಮ್ಮ ಕಡೆ ಬೋರ್ಡ್ ಬರೆಯುವವರು 'ಮಧ್ಯ'ಕ್ಕೂ 'ಮದ್ಯ'ಕ್ಕೂ ವ್ಯತ್ಯಾಸ ಮಾಡುವುದನ್ನು ಬಿಟ್ಟು ಕಾಲವಾಯಿತು. ಅವರನ್ನು ಸಾಕ್ಷಿಗೆ ಕರೆದಿದ್ದರೆ ಬೇಗ ಮುಗಿಯುತ್ತಿತ್ತು.

2018ರ ಜುಲೈನಲ್ಲಿ ತೀರ್ಪು ಬಂತು. ನಂದಿನಿ ಎನ್ನುವುದು ದೇವಿಯ ಹೆಸರು, ಪುರಾಣದ ಹಸುವಿನ ಹೆಸರು. ಯಾರೂ ಹೊಸದಾಗಿ ಕಂಡುಹಿಡಿದ ಪದವಲ್ಲ. ಹಾಲೇ ಬೇರೆ, ಹೋಟೆಲಿನ ಊಟವೇ ಬೇರೆ. ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರು ಹೆಸರು ಇಟ್ಟುಕೊಳ್ಳಲಿ, ಅಂದಿತು ಕೋರ್ಟು. ನಮ್ಮ ಹಾಲಿನ ಡೇರಿಯ ಮುಂದೆ ಬೆಳಿಗ್ಗೆ ಕ್ಯಾನ್ ಹಿಡಿದು ನಿಲ್ಲುವ ಯಾರನ್ನೇ ಕೇಳಿದ್ದರೂ ಇಷ್ಟು ಹೇಳುತ್ತಿದ್ದರು.

ಹಾಗೆ ನೋಡಿದರೆ ನಂದಿನಿಯ ಹೆಸರಿನಲ್ಲಿ ವ್ಯಾಜ್ಯ ಹೊಸದಲ್ಲ. ವಸಿಷ್ಠರ ಕೊಟ್ಟಿಗೆಯಲ್ಲಿದ್ದ ಅವಳನ್ನು ಎಳೆದುಕೊಂಡು ಹೋಗಲು ವಿಶ್ವಾಮಿತ್ರರು ಸೈನ್ಯ ಸಮೇತ ಬಂದಿದ್ದರು. ಅಷ್ಟವಸುಗಳು ಕದ್ದೇ ಬಿಟ್ಟರು. ಭೀಷ್ಮ ಭೂಮಿಗೆ ಬಂದದ್ದೇ ಆ ಕೇಸಿನಲ್ಲಿ ಶಿಕ್ಷೆಯಾಗಿ. ಆದರೂ ಆಗಿನವರದ್ದು ಒಂದು ಮೆಚ್ಚಬೇಕು. ಅವರು ಜಗಳವಾಡಿದ್ದು ಹಸುವಿಗಾಗಿ, ಹೆಸರಿಗಾಗಿ ಅಲ್ಲ.

ದೇಶದ ಆಚೆಯೂ ಇದೇ ಕಥೆ. ಬೀಟಲ್ಸ್ ತಂಡದವರು 1968ರಲ್ಲಿ ಆಪಲ್ ಎಂಬ ಕಂಪನಿ ಮಾಡಿದರು. 1976ರಲ್ಲಿ ಅಮೆರಿಕದ ಹುಡುಗರು ಅದೇ ಹಣ್ಣಿನ ಹೆಸರಲ್ಲಿ ಕಂಪ್ಯೂಟರ್ ಕಂಪನಿ ಮಾಡಿದರು. ಕೇಸಾಯಿತು. 1981ರಲ್ಲಿ ರಾಜಿ: ನೀವು ಸಂಗೀತಕ್ಕೆ ಕೈ ಹಾಕಬೇಡಿ, ನಾವು ಕಂಪ್ಯೂಟರಿಗೆ ಹಾಕುವುದಿಲ್ಲ. ಕಂಪ್ಯೂಟರು ಹಾಡಲು ಕಲಿಯಿತು. ಮತ್ತೆ ಕೇಸು, 1991ರಲ್ಲಿ ಮತ್ತೆ ರಾಜಿ. ಆಮೇಲೆ ಅದು ಹಾಡು ಮಾರಲೂ ಕಲಿಯಿತು. ಮತ್ತೆ ಕೇಸು. 2007ರಲ್ಲಿ ಕಂಪ್ಯೂಟರಿನವರೇ ಹೆಸರನ್ನೆಲ್ಲ ತಮ್ಮದು ಮಾಡಿಕೊಂಡು, ಹಾಡಿನವರಿಗೆ ಬಳಸಲು ಅನುಮತಿ ಕೊಟ್ಟರು. ಒಕ್ಕಲು ಬಂದವನು ಜಮೀನ್ದಾರನಿಗೇ ಗೇಣಿಗೆ ಕೊಟ್ಟ ಹಾಗೆ. ಶಿವಮೊಗ್ಗದ ಗಾಂಧಿ ಬಜಾರಿನ ತಳ್ಳುಗಾಡಿಗಳಲ್ಲಿ ಮಾತ್ರ ಇವತ್ತಿಗೂ ನಿಜವಾದ ಆಪಲ್ ರಾಜಾರೋಷವಾಗಿ ಮಾರಾಟವಾಗುತ್ತಿದೆ. ಅಡ್ರೆಸ್ ಗೊತ್ತಾಗಿಲ್ಲ ಅಂತ ಕಾಣುತ್ತದೆ.

ಮೊದಲು ನಮ್ಮಲ್ಲಿ ಇದಕ್ಕೆಲ್ಲ ಸುಲಭದ ಔಷಧಿ ಇತ್ತು. ಒಬ್ಬನ ಹೋಟೆಲ್ ಚೆನ್ನಾಗಿ ನಡೆದರೆ ಎದುರಿಗೆ ಅದೇ ದೇವರ ಹೆಸರಲ್ಲಿ ಇನ್ನೊಂದು ಹೋಟೆಲ್. ಮೊದಲಿನವನು ಬೋರ್ಡಿಗೆ 'ಹಳೇ' ಅಂತ ಸೇರಿಸುತ್ತಿದ್ದ. ಎರಡನೆಯವನು 'ಅಸಲಿ' ಸೇರಿಸುತ್ತಿದ್ದ. ಆಗ ಮೊದಲಿನವನು ಕೆಂಪು ಬಣ್ಣದಲ್ಲಿ 'ನಮಗೆ ಬೇರೆ ಎಲ್ಲೂ ಶಾಖೆಗಳಿಲ್ಲ' ಎಂದು ಬರೆಸುತ್ತಿದ್ದ. ಮಾರನೆಯ ದಿನ ಎರಡನೆಯವನೂ ಬರೆಸುತ್ತಿದ್ದ. ಪೇಂಟರ್ ಉದ್ಧಾರವಾಗುತ್ತಿದ್ದ. ಗಿರಾಕಿ ಯಾವುದರಲ್ಲಿ ಚಟ್ನಿ ಚೆನ್ನಾಗಿದೆಯೋ ಅಲ್ಲಿ ತಿನ್ನುತ್ತಿದ್ದ.

ಅಪ್ಪೆಮಿಡಿಗೇ ಜಿಐ ಅಂತ ಒಂದು ಗುರುತು ಸಿಕ್ಕಿದೆ, ಶಿರಸಿ ಅಡಿಕೆಗೂ ಸಿಕ್ಕಿದೆ. ಅದು ಒಬ್ಬನ ಹೆಸರಲ್ಲ, ಆ ಸೀಮೆಯಲ್ಲಿ ಬೆಳೆಯುವವರೆಲ್ಲರದ್ದು. ಅದು ನನಗೆ ಅರ್ಥವಾಗುತ್ತದೆ. ಮರ ಇಲ್ಲಿದೆ, ಹೊಳೆ ಇಲ್ಲಿದೆ. ಆದರೆ ಶಾರದೆಯ ಮರ ಎಲ್ಲಿದೆ?

ಪೇಟೆಯ ವಕೀಲರು ಧೈರ್ಯ ಹೇಳಿದರು. ಅಗರಬತ್ತಿಗೆ 'ರಾಮಾಯಣ' ಅಂತ ಹೆಸರಿಟ್ಟು ಅದು ತನ್ನೊಬ್ಬನದೇ ಎಂದವನಿಗೆ 2015ರಲ್ಲೇ ಸುಪ್ರೀಂ ಕೋರ್ಟು ಆಗುವುದಿಲ್ಲ ಅಂದಿದೆಯಂತೆ. ಅಲ್ಲದೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಯಾರೇ ಆದರೂ ತಮ್ಮ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸಬಹುದಂತೆ. "ಹೆಸರು ನಿಮ್ಮದೇ ಅನ್ನುವುದಕ್ಕೆ ಒಂದು ದಾಖಲೆ ಕೊಡಿ ಸಾಕು" ಅಂದರು.

ಅಲ್ಲಿಗೆ ಶುರುವಾಯಿತು ನೋಡಿ. ಆಧಾರಿನಲ್ಲಿ ಅತ್ತಿಗೆ ಶಾರದಮ್ಮ. ರೇಷನ್ ಕಾರ್ಡಿನಲ್ಲಿ ಸಾರದಾ. ಪಹಣಿಯಲ್ಲಿ 'ಶಾರದ ಕೋಂ' ಎಂದು ಶುರುವಾಗಿ ಅಣ್ಣನ ಹೆಸರೂ ತಪ್ಪು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡಸು. ಸರ್ಕಾರಿ ಕಾಗದದ ಪ್ರಕಾರ ನಮ್ಮ ಮನೆಯಲ್ಲಿ ನಾಲ್ವರು ಉಪ್ಪಿನಕಾಯಿ ಹಾಕುತ್ತಾರೆ. ಅವರಲ್ಲಿ ಒಬ್ಬರೂ ಶಾರದಾ ಅಲ್ಲ. ಕಂಪನಿಯೇ ಗೆದ್ದಿತೋ ಏನೋ ಎಂದು ನನಗೆ ಅನುಮಾನ ಬಂತು.

ಅಂತೂ ವಕೀಲರು ಎರಡು ಪುಟದ ಉತ್ತರ ಬರೆದುಕೊಟ್ಟರು. ಅತ್ತಿಗೆ ಅದರ ಜೊತೆ ಒಂದು ಬಾಟಲಿ ಮಿಡಿಯನ್ನೂ ಕಟ್ಟಿದರು. "ಪಾಪ, ಮಿಡಿ ತಿಂದು ಗೊತ್ತಿಲ್ಲದ ಜನ. ತಿಂದರೆ ಸಿಟ್ಟು ಇಳಿದೀತು" ಅಂದರು. ಚೀಟಿ ಕಿತ್ತು, ಬಾಟಲಿ ತೊಳೆದು, ಹಳೇ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದೆವು. ಎಲ್ಲೂ ಹೆಸರಿಲ್ಲ. ಕಾನೂನಿಗೆ ಕುಂದಿಲ್ಲ.

ಸಾಗರದ ಕೊರಿಯರ್ ಅಂಗಡಿಯ ಹುಡುಗ ಡಬ್ಬಿ ತೂಗಿದ, ಟೇಪು ಸುತ್ತಿದ, ಪೆನ್ನು ತೆಗೆದ.

"ಕಳಿಸುವವರ ಹೆಸರು ಏನಂತ ಬರೀಲಿ ಅಮ್ಮಾ?"

ಅತ್ತಿಗೆ ನನ್ನ ಮುಖ ನೋಡಿದರು.