ದಿನಕ್ಕೆ ಒಂದು ಪರ್ಸೆಂಟ್ ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಆಗುತ್ತಾ?

ದಿನಾ ಒಂದೇ ಒಂದು ಪರ್ಸೆಂಟ್ ಸುಧಾರಿಸಿದರೆ ವರ್ಷದಲ್ಲಿ 37 ಪಟ್ಟು ಮುಂದೆ ಹೋಗುತ್ತೀರಿ ಎನ್ನುವ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಕಳಿಸುವವರ ಮನಸ್ಸು ಒಳ್ಳೆಯದೇ. ಗುಣಾಕಾರವೂ ಸರಿ: 1 ಅನ್ನು 1.01ರಿಂದ ಒಂದರ ಮೇಲೊಂದು 365 ಸಲ ಗುಣಿಸಿದರೆ 37.78 ಬರುತ್ತದೆ. ಆದರೆ ಕೆಲಸ ಚಕ್ರಬಡ್ಡಿ ಹಾಗೆ ಬೆಳೆಯುವುದಿಲ್ಲ. ತಪ್ಪಿರುವುದು ಅಲ್ಲೇ.

ಇದನ್ನು ನೀವೇ ಪರೀಕ್ಷಿಸಬಹುದು. ಯಾವ ಕೆಲಸ, ಅಳೆಯುವುದು ಏನನ್ನು ಎಂದು ಕೇಳಿ, ಗೊತ್ತಿರುವ ಕೆಲಸದ ಅಂಕಿ ಹಾಕಿ ನೋಡಿ. ಶಿರಸಿ ಕಡೆ ಅಡಿಕೆ ಸುಲಿಯುವುದಕ್ಕೆ ಡಬ್ಬದ ಲೆಕ್ಕ. ಹೊಸಬರೊಬ್ಬರು ದಿನಕ್ಕೆ ಎರಡು ಡಬ್ಬ ಸುಲಿಯುತ್ತಾರೆ ಅಂದುಕೊಳ್ಳಿ. ಮೆಸೇಜ್ ಪ್ರಕಾರ ವರ್ಷ ಕಳೆಯುವಾಗ ದಿನಕ್ಕೆ 75 ಡಬ್ಬ ಆಗಬೇಕು! ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು ಯಾರೂ ಒಪ್ಪಲ್ಲ. ಮೊದಮೊದಲು ಕೈ ಬೇಗ ಪಳಗುತ್ತದೆ. ಆಮೇಲೆ ವೇಗ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಹಾಗಂತ ಸುಧಾರಣೆ ಸುಳ್ಳಲ್ಲ. ಗುಣಮಟ್ಟ ತಜ್ಞ ಡೆಮಿಂಗ್ ಹೆಸರಿನಿಂದ ಪ್ರಸಿದ್ಧವಾದ, ಪ್ರಾಜೆಕ್ಟುಗಳಲ್ಲಿ ಬಳಸುವ ಚಕ್ರದಲ್ಲಿ ಈ ಪಟ್ಟಿನ ಲೆಕ್ಕವೇ ಇಲ್ಲ. ಯೋಚಿಸು, ಮಾಡು, ಫಲ ನೋಡು, ತಿದ್ದು, ಅಷ್ಟೇ. ಜನ ಜಾಸ್ತಿ ಬಿಟ್ಟುಬಿಡುವುದು ಮೂರನೆಯದನ್ನು, ನನ್ನ ಪ್ರಕಾರ ಮುಖ್ಯವಾದದ್ದೂ ಅದೇ. ಅಡಿಕೆಯಲ್ಲೇ ನೋಡಿ: ಕಾಯಿ, ಹಣ್ಣು ಮೊದಲೇ ಬೇರೆ ಮಾಡಿಟ್ಟು ಒಂದು ವಾರ ಸುಲಿಯಿರಿ. ಕತ್ತಿ ತಾಗಿ ಹಾಳಾದ ಅಡಿಕೆ ಎಷ್ಟು ಎಂದು ದಿನಾ ಎಣಿಸಿ ಬರೆದಿಡಿ. ಹಿಂದಿನ ವಾರಕ್ಕಿಂತ ಕಡಿಮೆಯಾದರೆ ಆ ಕ್ರಮ ಮುಂದುವರಿಸಿ. ಇಲ್ಲದಿದ್ದರೆ ಬಿಟ್ಟು, ಬೇರೆ ಒಂದನ್ನು ನೋಡಿ.