1520ರ ಹಂಪಿಯಲ್ಲಿ ಮಿರ್ಚಿ ಸಿಗೋದಿಲ್ಲ ಕಣ್ರೀ

ನಾದಿನಿ ಕಳಿಸಿದ ಲಿಂಕ್ ಒತ್ತಿದ್ದೇ ತಪ್ಪಾಯ್ತು. ಮೊಬೈಲ್‌ನಲ್ಲಿ ಕಂತು ಕಂತಾಗಿ ಬರುವ ಕತೆ. ನಲವತ್ತು ಕಂತು, ಮೂರು ರಾತ್ರಿ ನಿದ್ದೆ ಹಾಳು. ಬೆಂಗಳೂರಿನ ಐಟಿ ಹುಡುಗಿ ಹಂಪಿಗೆ ಟ್ರಿಪ್ ಬರುತ್ತಾಳೆ, ಅಮಾವಾಸ್ಯೆ ಸಂಜೆ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಚಕ್ರ ಮುಟ್ಟುತ್ತಾಳೆ, ಚಕ್ರ ತಿರುಗುತ್ತದೆ, ಕಣ್ಣು ಬಿಟ್ಟರೆ 1520. ಅಲ್ಲೊಬ್ಬ ದಂಡನಾಯಕ. ಅಲ್ಲೊಬ್ಬ ಮಾಂತ್ರಿಕ. ಉಳಿದದ್ದು ನಿಮಗೆ ಗೊತ್ತೇ ಇದೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಈ ಥರದ ಕತೆ ತುಂಬಾ ಇಷ್ಟ. ಹೊಸಪೇಟೆಯಲ್ಲಿ ಬೆಳೆದವಳು ನಾನು. ಮನೆಗೆ ಯಾವ ನೆಂಟರು ಬಂದರೂ ಹಂಪಿ ತೋರಿಸೋದು ನನ್ನ ಪಾಲಿನ ಕೆಲಸ, ಆ ರಥದ ಮುಂದೆ ನಿಂತು ಎಷ್ಟು ಸಲ ಫೋಟೋ ತೆಗೆದಿದ್ದೇನೋ ಲೆಕ್ಕವಿಲ್ಲ. ಚಕ್ರ ತಿರುಗಿತು ಅಂದ್ರೆ ತಿರುಗಿತು, ಅದಕ್ಕೆ ಲಾಜಿಕ್ ಕೇಳುವವಳಲ್ಲ. ನನ್ನ ತಕರಾರು ಅದಾದ ಮೇಲಿನದು. ಐನೂರು ವರ್ಷ ಹಿಂದಕ್ಕೆ ಹೋಗಿ ಬಂದವಳಿಗೆ ಒಂದು ಸಣ್ಣ ನೆಗಡಿಯೂ ಆಗಿರುವುದಿಲ್ಲ. ಇದೇನು ವಾರಾಂತ್ಯದ ಪ್ಯಾಕೇಜ್ ಟೂರಾ?

ಹತ್ತನೇ ಕಂತಿನಲ್ಲಿ ನಾಯಕಿ ದಂಡನಾಯಕನಿಗೆ ಅಡುಗೆ ಮಾಡಿ ಬಡಿಸುತ್ತಾಳೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಜೊತೆಗೆ ಬಿಸಿ ಬಿಸಿ ಮಿರ್ಚಿ. ಅವನು ಒಂದು ತುತ್ತು ತಿಂದು ಕಣ್ಣಲ್ಲಿ ನೀರು ತಂದುಕೊಂಡು ಪ್ರೀತಿಗೆ ಬೀಳುತ್ತಾನೆ. ರೊಟ್ಟಿ ಸರಿ, ಜೋಳ ನಮ್ಮಲ್ಲಿ ಹಳೇ ಕಾಲದಿಂದ ಇದೆ. ಆದರೆ ಮೆಣಸಿನಕಾಯಿ, ಶೇಂಗಾ, ಟೊಮೇಟೊ, ಆಲೂಗಡ್ಡೆ ಎಲ್ಲಾ ಅಮೆರಿಕದ ಕಡೆಯಿಂದ ಹಡಗಿನಲ್ಲಿ ಬಂದವು. ಪೋರ್ಚುಗೀಸರು ಗೋವಾ ಹಿಡಿದದ್ದೇ 1510ರಲ್ಲಿ. ಹತ್ತು ವರ್ಷದಲ್ಲಿ ಹಂಪಿಯ ಅಡುಗೆಮನೆಗೆ ಮಿರ್ಚಿ ಎಲ್ಲಿಂದ ಬರಬೇಕು? ಆಗ ಖಾರ ಅಂದ್ರೆ ಮೆಣಸು. ಈಗ ನಾವು ಕಾಳುಮೆಣಸು, ಕರಿಮೆಣಸು ಅಂತೀವಲ್ಲ, ಅದು. ಆಮೇಲೆ ಬಂದ ಕಾಯಿ ಆ ಹೆಸರಿಗೆ ಬಾಲ ಅಂಟಿಸಿಕೊಂಡು ಮೆಣಸಿನಕಾಯಿ ಆಯ್ತು, ಹಳೇ ಮೆಣಸು ಪಾಪ ತನ್ನ ಹೆಸರಿನ ಹಿಂದೆ ಕರಿ ಹಚ್ಚಿಕೊಂಡು ಕೂತಿದೆ.

ಸುಮ್ನೆ ತಪ್ಪು ಹುಡುಕುತ್ತಿದ್ದೀಯಾ ಅನ್ನಬೇಡಿ. ಇದನ್ನೇ ಹಿಡಿದಿದ್ದರೆ ಎಂಥ ಸೀನ್ ಆಗುತ್ತಿತ್ತು ಯೋಚಿಸಿ! ಆ ಹುಡುಗಿ ಮೆಣಸಿನಕಾಯಿಗಾಗಿ ಬಜಾರೆಲ್ಲಾ ಸುತ್ತಬೇಕು, ಯಾರಿಗೂ ಅವಳು ಏನು ಕೇಳುತ್ತಿದ್ದಾಳೆ ಅಂತಲೇ ತಿಳಿಯಬಾರದು. ನ್ಯೂನಿಜ್ ಅನ್ನುವ ಪೋರ್ಚುಗೀಸ್ ವ್ಯಾಪಾರಿ ಮುಂದೆ ಬರೆದಿಟ್ಟ ಪ್ರಕಾರ ವಿಜಯನಗರದ ಮಾರುಕಟ್ಟೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿ ಜಾತಿಯವು ಕೂಡ ತಿನ್ನೋಕೆ ಮಾರಾಟಕ್ಕಿದ್ದವು. ಅದರ ಪಕ್ಕದಲ್ಲೇ ಗುಲಾಬಿ. 1443ರಲ್ಲಿ ಹೆರಾತ್‌ನಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್, ಈ ಜನಕ್ಕೆ ಊಟದಷ್ಟೇ ಗುಲಾಬಿಯೂ ಬೇಕು ಅಂತ ಬೆರಗಾಗಿ ಬರೆದಿದ್ದಾನೆ. ಒಂದು ಕಡೆ ಇಲಿ, ಒಂದು ಕಡೆ ಗುಲಾಬಿ, ನಡುವೆ ಬೆಂಗಳೂರಿನ ಹುಡುಗಿ. ನಮ್ಮ ಲೇಖಕರು ಇದನ್ನೆಲ್ಲಾ ಬಿಟ್ಟು ಅವಳಿಗೆ ಚೆಂಡುಹೂವು ಮುಡಿಸಿದ್ದಾರೆ. ಅದೂ ಅಮೆರಿಕದ್ದೇ!

ರಥದ ವಿಷಯವೂ ಅಷ್ಟೇ. ಐವತ್ತರ ನೋಟಿನಲ್ಲಿ ಇರುವಂತೆಯೇ ಅಲ್ಲೂ ಇದೆ ಕತೆಯಲ್ಲಿ. ಆದರೆ ಅದರ ಮೇಲೆ ಇಟ್ಟಿಗೆಯ ಗೋಪುರ ಇತ್ತು, 1856ರಲ್ಲಿ ಗ್ರೀನ್‌ಲಾ ಅನ್ನುವ ಅಧಿಕಾರಿ ತೆಗೆದ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಮುಂದಿರುವ ಆನೆಗಳೂ ಆಮೇಲೆ ತಂದಿಟ್ಟವು, ಮೊದಲು ಕುದುರೆಗಳಿದ್ದವು, ಹಿಂಗಾಲಿನ ಗುರುತು ಈಗಲೂ ಉಳಿದಿದೆ, ಈ ಸಲ ಹೋದಾಗ ನೋಡಿ. ಅಂದ್ರೆ ಕಣ್ಣು ಬಿಟ್ಟ ತಕ್ಷಣ ಅವಳಿಗೆ ಅನುಮಾನ ಬರಬೇಕಾದದ್ದೇ ರಥ ನೋಡಿ. ಪುಕ್ಕಟೆ ಸಿಕ್ಕ ಸಸ್ಪೆನ್ಸ್ ಹಾಳು ಮಾಡಿದರು.

ಇನ್ನು ಮಾತು. ದಂಡನಾಯಕ ಕಂಪನಿ ನಾಟಕದ ರಾಜನ ಥರ ‘ಎಲೈ ಲಲನಾಮಣಿಯೇ’ ಅಂತಾನೆ. ಅದು ಪುರಂದರದಾಸರು, ಕನಕದಾಸರು ಇದ್ದ ಕಾಲ ಕಣ್ರೀ. ಅವರ ಹಾಡು ನಮ್ಮಜ್ಜಿಗೆ ಅರ್ಥ ಆಗುತ್ತದೆ, ನನಗೂ ಆಗುತ್ತದೆ. ಜನ ಜನರ ಹಾಗೇ ಮಾತಾಡುತ್ತಿದ್ದರು. ನಿಜವಾದ ಕಷ್ಟ ಬೇರೆ ಇತ್ತು. ಬಾಯಿ ಬಿಟ್ಟ ತಕ್ಷಣ ಕೇಳುವ ಮೊದಲ ಪ್ರಶ್ನೆ ‘ಯಾರ ಮನೆಯವಳು? ಯಾವ ಕುಲ?’ ನಲವತ್ತು ಕಂತಿನಲ್ಲಿ ಒಬ್ಬರೂ ಅವಳಿಗೆ ಇದನ್ನು ಕೇಳಿಲ್ಲ. ಇವತ್ತು ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದರೂ ಕೇಳುತ್ತಾರೆ!

ಆದರೆ ನನಗೆ ನಿಜವಾಗಿ ತಡೆಯದೇ ಹೋದದ್ದು ಕೃಷ್ಣದೇವರಾಯ ಬರುವ ಕಂತು. ಎತ್ತರ, ಸಿಕ್ಸ್ ಪ್ಯಾಕ್, ಕನ್ನಡಿಯಂಥ ಮುಖ. ಆ ಸುಮಾರಿಗೇ ಬಂದು ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯಸ್ ಬರೆದದ್ದೇನು ಗೊತ್ತಾ? ಮಧ್ಯಮ ಎತ್ತರ, ಒಳ್ಳೆ ಬಣ್ಣ, ತೆಳ್ಳಗೆ ಅನ್ನುವುದಕ್ಕಿಂತ ಸ್ವಲ್ಪ ದಪ್ಪ, ಮುಖದ ಮೇಲೆ ಸಿಡುಬಿನ ಕಲೆ. ಬೆಳಗಿನ ಜಾವ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲಾ ಎಣ್ಣೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಬೆವರಿನಲ್ಲಿ ಆ ಎಣ್ಣೆ ಹೋಗುವ ತನಕ ಸಾಮು ಮಾಡಿ, ಕುಸ್ತಿ ಆಡಿ, ಕುದುರೆ ಹತ್ತುತ್ತಿದ್ದನಂತೆ. ಈ ಮನುಷ್ಯ ನನಗೆ ಇಷ್ಟವಾದ. ಸಿಡುಬು ಗೆದ್ದು ಬಂದ ಮುಖ ಅದು.

ಸಿಡುಬು ಅಂದ ಕೂಡಲೇ ನನ್ನ ತಲೆ ಇನ್ನೊಂದು ಕಡೆ ಓಡಿತು. ಭಾರತದಲ್ಲಿ ಸಿಡುಬು ಕೊನೆಯಾಗಿ ಕಂಡದ್ದು 1975ರಲ್ಲಿ. ಜಗತ್ತಿನಿಂದಲೇ ಹೋಯಿತು ಅಂತ ಘೋಷಣೆ ಆದದ್ದು 1980ರಲ್ಲಿ. ಆಮೇಲೆ ಹುಟ್ಟಿದ ನಮಗ್ಯಾರಿಗೂ ಅದರ ಲಸಿಕೆ ಆಗಿಲ್ಲ. ಇಪ್ಪತ್ತೇಳು ವರ್ಷದ ಆ ಐಟಿ ಹುಡುಗಿ 1520ರ ಜನಜಂಗುಳಿಯಲ್ಲಿ ಮಾಸ್ಕೂ ಇಲ್ಲದೆ ಆರು ತಿಂಗಳು ಓಡಾಡುತ್ತಾಳೆ! ನಮ್ಮ ಮನೆಯಲ್ಲಿ ಅಲ್ಲಿಗೆ ಹೋಗಿ ಬದುಕಿ ಬರುವ ಯೋಗ್ಯತೆ ಇರುವುದು ಅಮ್ಮನಿಗೆ ಮಾತ್ರ. ಎಡತೋಳಿನ ಮೇಲೆ ದುಂಡಗೆ, ಎಂಟಾಣೆ ಅಗಲ, ಮೈಲಿ ಹಾಕಿಸಿದ ಗುರುತಿದೆ. ಫೋನ್ ಮಾಡಿ ಹೇಳಿದೆ, ಅಮ್ಮಾ, ನಮ್ಮಲ್ಲಿ ಕೃಷ್ಣದೇವರಾಯನ ಕಾಲಕ್ಕೆ ಹೋಗಬಹುದಾದವಳು ನೀನೊಬ್ಬಳೇ ಅಂತ. ‘ಅಲ್ಲಿ ಚಾ ಸಿಗ್ತದೇನು?’ ಅಂದಳು. ಇಲ್ಲ ಅಂದೆ. ‘ಮತ್ತೆ ನಾನ್ಯಾಕೆ ಹೋಗ್ಲಿ’ ಅಂತ ಇಟ್ಟುಬಿಟ್ಟಳು.

ಈಗ ಮಾಂತ್ರಿಕನ ವಿಷಯಕ್ಕೆ ಬರುತ್ತೇನೆ. ಕೆಂಪು ಕಣ್ಣು, ತಲೆಬುರುಡೆ, ಹೊಗೆ, ಗಹಗಹ ನಗು, ಎಲ್ಲಾ ಇದೆ. ಭಯ ಮಾತ್ರ ಆಗಲ್ಲ. ಯಾಕಂದ್ರೆ ನಾವು ಕಂಡ ಮಾಟ ಮಂತ್ರ ಹೀಗೆ ಸದ್ದು ಮಾಡಿಕೊಂಡು ಬರುತ್ತಿರಲಿಲ್ಲ. ಮೂರು ದಾರಿ ಸೇರುವಲ್ಲಿ ಕುಂಕುಮ ಹಚ್ಚಿದ ಒಂದು ನಿಂಬೆಹಣ್ಣು, ಅಷ್ಟೇ.

ನನಗೆ ಒಂಬತ್ತು ವರ್ಷ ಇದ್ದಾಗ ಅಜ್ಜಿಯ ಗುಂಡಿನ ಸರ ಕಾಣೆಯಾಯಿತು. ಅಂಜನ ಹಾಕುವವನನ್ನು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಗೆ ವಾಚು, ನಮ್ಮ ಗಣಿತದ ಮೇಷ್ಟ್ರ ಥರ ಇದ್ದ. ವೀಳ್ಯದೆಲೆಗೆ ಕಪ್ಪು ಸವರಿ, ಮಕ್ಕಳ ಕಣ್ಣಿಗೇ ಕಾಣೋದು ಅಂತ ನನ್ನನ್ನು ಕೂರಿಸಿದ. ಎಲೆ ಎಣ್ಣೆಗೆ ಹೊಳೆಯುತ್ತಿತ್ತು, ಅದರಲ್ಲಿ ಕಾಣುತ್ತಿದ್ದದ್ದು ಟ್ಯೂಬ್‌ಲೈಟು ಮತ್ತು ನನ್ನದೇ ಮೂಗು. ‘ಸೀರೆ ಕಾಣ್ತದಾ ಮಗಳೇ? ಯಾವ ಬಣ್ಣ?’ ಅಂದ. ಮನೆಯವರೆಲ್ಲಾ ಉಸಿರು ಹಿಡಿದು ನಿಂತಿದ್ದರು. ಹಿಂದಿನ ದಿನವಷ್ಟೇ ದೊಡ್ಡವರು ಯಾರ ಮೇಲೆ ಗುಸುಗುಸು ಅನ್ನುತ್ತಿದ್ದರು ಅನ್ನುವುದು ನನ್ನ ಕಿವಿಗೂ ಬಿದ್ದಿತ್ತು. ಹಸಿರು ಅಂದೆ. ನಮ್ಮ ಮನೆಗೆ ಮುಸುರೆ ತಿಕ್ಕಲು ಬರುತ್ತಿದ್ದ ಹೆಂಗಸಿಗೆ ಇದ್ದದ್ದೇ ಎರಡು ಸೀರೆ, ಅದರಲ್ಲೊಂದು ಹಸಿರು. ಮರುದಿನದಿಂದ ಅವಳು ಬರಲಿಲ್ಲ. ಸರ ಎರಡು ತಿಂಗಳಾದ ಮೇಲೆ ಜೋಳದ ಚೀಲದಲ್ಲಿ ಸಿಕ್ಕಿತು, ಅಜ್ಜಿಯೇ ಬಚ್ಚಿಟ್ಟು ಮರೆತಿದ್ದಳು. ಸಿಕ್ಕಿತಲ್ಲ ಅಂತ ಸಕ್ಕರೆ ಹಂಚಿದರು. ಅವಳ ಮನೆಗೆ ಯಾರೂ ಹೋಗಲಿಲ್ಲ.

ಅದಕ್ಕೇ ನಾಯಕಿ ಪರ್ಸಿನಿಂದ ಒಂದು ಜ್ವರದ ಮಾತ್ರೆ ತೆಗೆದು ಏಳು ವರ್ಷದ ಅನಾಥ ಹುಡುಗನಿಗೆ ಕೊಟ್ಟು, ಅವನು ಎದ್ದು ಕೂತು, ಊರೆಲ್ಲಾ ‘ದೇವಿ ದೇವಿ’ ಅಂತ ಕೈಮುಗಿದಾಗ ನನಗೆ ಹೊಟ್ಟೆಯಲ್ಲಿ ತಣ್ಣಗಾಯ್ತು. ಹುಡುಗ ಬದುಕಿದ, ಸರಿ. ಪಕ್ಕದ ಮನೆಯ ಮಗು ಬದುಕದಿದ್ದರೆ? ಬೆಳಿಗ್ಗೆ ದೇವಿ ಆದವಳು ಸಂಜೆಗೆ ಮಾಟಗಾತಿ. ಸ್ಕಾಟ್ಲೆಂಡ್‌ನಲ್ಲಿ 1563ರಿಂದ 1736ರವರೆಗೆ ಮಾಟ ಮಾಡಿದವರಿಗೆ ಮರಣದಂಡನೆಯ ಕಾನೂನೇ ಇತ್ತು. ಆರೋಪ ಹೊತ್ತವರು 3,800ಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ದೂರದ ಮಾತು ಬಿಡಿ, ನಮ್ಮಲ್ಲೇ ವಾಮಾಚಾರ ತಡೆಯೋಕೆ 2017ರಲ್ಲಿ ಕಾಯ್ದೆ ಮಾಡಬೇಕಾಯ್ತು, ಜಾರಿಗೆ ಬಂದದ್ದು 2020ರಲ್ಲಿ. ಮಂತ್ರ ಅನ್ನೋದು ಕತೆಗೆ ಬಂತು ಅಂದ್ರೆ ಅದು ಯಾರ ತಲೆಗೆ ಬೀಳುತ್ತೆ ಅನ್ನೋದೂ ಕತೆಗೆ ಬರಬೇಕು ಅಲ್ವಾ?

ನಮ್ಮ ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಟೈಮ್ ಟ್ರಾವೆಲ್ ಏನೋ ಹೊಸದು ಅಂದುಕೊಂಡಿದ್ದೀವಿ. ಭಾಗವತದ ರೇವತಿಯನ್ನು ನೋಡಿ. ಮಗಳಿಗೆ ಗಂಡು ಯಾರು ಸರಿ ಅಂತ ಕೇಳಲು ಅಪ್ಪ ಅವಳನ್ನು ಬ್ರಹ್ಮನ ಹತ್ತಿರ ಕರಕೊಂಡು ಹೋಗುತ್ತಾನೆ, ಅಲ್ಲಿ ಸಂಗೀತ ನಡೀತಿದೆ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಇಲ್ಲಿ ಇಪ್ಪತ್ತೇಳು ಚತುರ್ಯುಗ ಕಳೆದು, ಪಟ್ಟಿಯಲ್ಲಿದ್ದ ಗಂಡುಗಳೂ ಅವರ ಮೊಮ್ಮಕ್ಕಳೂ ಎಲ್ಲಾ ಮುಗಿದುಹೋಗಿರುತ್ತಾರೆ. ಬಲರಾಮನನ್ನು ಮದುವೆಯಾಗುತ್ತಾಳೆ, ಸರಿ. ಆದರೆ ಹಳೇ ಯುಗದವಳು, ಅವನಿಗಿಂತ ಎಷ್ಟೋ ಎತ್ತರ, ಅವನು ನೇಗಿಲಿನಿಂದ ಅವಳನ್ನು ಕುಗ್ಗಿಸುತ್ತಾನೆ ಅಂತ ವಿಷ್ಣುಪುರಾಣ ಹೇಳುತ್ತದೆ. ಹೊಸ ಕಾಲಕ್ಕೆ ಬಂದವಳು ಕುಗ್ಗಲೇಬೇಕಾಯ್ತು. (ಯಾಕೆ ಅವನೇ ಸ್ವಲ್ಪ ಎತ್ತರ ಆಗಬಾರದಿತ್ತು ಅನ್ನುವುದು ಬೇರೆ ಪೋಸ್ಟ್.)

ಅದಕ್ಕಿಂತ ನನ್ನನ್ನು ಹಿಡಿದು ಅಲ್ಲಾಡಿಸೋದು ಯೋಗವಾಸಿಷ್ಠದ ಲವಣ ರಾಜನ ಕತೆ. ಸಭೆಗೆ ಒಬ್ಬ ಇಂದ್ರಜಾಲದವನು ಬಂದು ನವಿಲುಗರಿಯ ಕಟ್ಟು ಬೀಸುತ್ತಾನೆ. ರಾಜ ಕೂತಲ್ಲೇ ಕಲ್ಲಾಗುತ್ತಾನೆ. ಅವನ ಒಳಗೆ ಮಾತ್ರ ಕುದುರೆ ಓಡುತ್ತಿದೆ. ಕಾಡಿನಲ್ಲಿ ಬಿದ್ದು, ಹಸಿದು ಸಾಯುವ ಸ್ಥಿತಿಯಲ್ಲಿ, ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ಚಂಡಾಲ ಹುಡುಗಿ ಸಿಗುತ್ತಾಳೆ. ಅನ್ನ ಕೊಡು ಅಂತಾನೆ. ಮದುವೆಯಾದರೆ ಕೊಡುತ್ತೇನೆ ಅಂತಾಳೆ. ಹಸಿವಿಗೆ ಕುಲ ಎಲ್ಲಿಯದು? ಒಪ್ಪುತ್ತಾನೆ. ಅವಳ ಜೊತೆ ಸಂಸಾರ, ಮಕ್ಕಳು, ಮುಪ್ಪು. ಆಮೇಲೆ ಭಾರೀ ಬರ. ಕೊನೆಗೆ ಹಸಿದ ಚಿಕ್ಕ ಮಗ ತನ್ನ ಮಾಂಸವನ್ನಾದರೂ ತಿನ್ನಲಿ ಅಂತ ರಾಜನೇ ಬೆಂಕಿಗೆ ಹಾರುತ್ತಾನೆ. ಕಣ್ಣು ಬಿಟ್ಟರೆ ಸಿಂಹಾಸನ. ಸಭೆಯ ಲೆಕ್ಕದಲ್ಲಿ ಎರಡು ಮುಹೂರ್ತ ಕಳೆದಿದೆ, ನಮ್ಮ ಗಡಿಯಾರದಲ್ಲಿ ಸುಮಾರು ಒಂದೂವರೆ ಗಂಟೆ.

ಮಂತ್ರದ ಕತೆ ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯಲ್ಲ. ರಾಜನಿಗೆ ಮನಸ್ಸು ತಡೆಯದೆ ಮರುದಿನ ವಿಂಧ್ಯದ ಕಾಡಿಗೆ ಹುಡುಕಿಕೊಂಡು ಹೊರಡುತ್ತಾನೆ. ಆ ಹಳ್ಳಿ ಅಲ್ಲೇ ಇದೆ! ಬರ ಬಿದ್ದ ಊರಿನಲ್ಲಿ ಒಬ್ಬ ಮುದುಕಿ ಕೂತು ಅಳುತ್ತಿದ್ದಾಳೆ, ಮಗಳು ಹೋದಳು, ಮೊಮ್ಮಕ್ಕಳು ಹೋದರು, ರಾಜನಂಥ ಅಳಿಯ ಹೋದ ಅಂತ. ಅತ್ತೆ. ಎದುರಿಗೆ ನಿಂತವನು ಯಾರು ಅಂತ ಅವಳಿಗೆ ಗೊತ್ತಿಲ್ಲ.

ಇಷ್ಟು ಓದಿಕೊಂಡು ನಲವತ್ತನೇ ಕಂತಿಗೆ ಬಂದೆ. ಮಾಂತ್ರಿಕ ಸತ್ತ, ದಂಡನಾಯಕನೂ ಸತ್ತ, ಚಕ್ರ ಮತ್ತೆ ತಿರುಗಿತು, ನಾಯಕಿ ವಾಪಸ್ ಬಂದಳು. ಮರುದಿನ ಆಫೀಸಿನ ಲಿಫ್ಟಿನಲ್ಲಿ ಅದೇ ಮುಖದ ಹೊಸ ಮ್ಯಾನೇಜರ್. ಶುಭಂ. ಆ ಜ್ವರದ ಹುಡುಗ ಇದ್ದನಲ್ಲ, ಹದಿನೈದು ಕಂತು ಇವಳನ್ನು ‘ಅವ್ವ’ ಅಂತ ಕರೆದುಕೊಂಡು ಹಿಂದೆ ಹಿಂದೆ ತಿರುಗಿದವನು, ಅವನ ಸುದ್ದಿಯೇ ಇಲ್ಲ.

ನಾದಿನಿಗೆ ಹೇಳಿದೆ. ‘ಅತ್ತಿಗೆ, ಕತೆ ಅದು, ಬಿಡಿ’ ಅಂದಳು. ಬಿಡೋಕಾಗಲಿಲ್ಲ. ಕತೆಯ ಕೆಳಗೆ ಕಾಮೆಂಟ್ ಹಾಕಿದೆ: ಮೇಡಂ, ತುಂಬಾ ಚೆನ್ನಾಗಿತ್ತು, ಆ ಹುಡುಗ ಏನಾದ? ಹತ್ತೇ ನಿಮಿಷಕ್ಕೆ ಉತ್ತರ ಬಂತು. ಎರಡು ಕೆಂಪು ಹಾರ್ಟು, ‘ಸೀಸನ್ 2ರಲ್ಲಿ ನೋಡೋಣ’ ಅಂತ.

ಲೆಕ್ಕ ಹಾಕಿದೆ. ನಾಯಕಿಗೆ ತಾಳಿಕೋಟೆ ಗೊತ್ತು, ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಹೊರಡುವ ಮುಂಚೆ ಹುಡುಗನ ಕಿವಿಯಲ್ಲಿ ಒಂದು ಮಾತು ಹೇಳಿದ್ದಳಾ, ಇಲ್ಲವಾ, ಅದೂ ಕತೆಯಲ್ಲಿಲ್ಲ. 1520ರಲ್ಲಿ ಅವನಿಗೆ ಏಳು. 1565ರ ಜನವರಿ ಹೊತ್ತಿಗೆ ಐವತ್ತೆರಡು ಆಗಿರುತ್ತದೆ, ಮನೆ, ಮಕ್ಕಳು, ಬಹುಶಃ ಮೊಮ್ಮಕ್ಕಳೂ ಇರುತ್ತಾರೆ. ಸೀಸನ್ 2 ಯಾವಾಗ ಅಂತ ಮತ್ತೆ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.